ಚುಕ್ಕೆಯಿಲ್ಲದ ಕೊಕ್ಕು

ಹಲಸೂರು,
ಸೋಮವಾರ

ಭಾರ್ಗವ್,

ನನ್ನ ಬೈನಾಕ್ಯುಲರ್ ನಿನ್ನ ಬಳಿಯೇ ಉಳಿದಿದೆ. ಗೇಟಿನಲ್ಲಿ ಸೆಕ್ಯುರಿಟಿಯವರ ಕೈಗೆ ಕೊಟ್ಟುಬಿಡು. ಮೇಲೆ ಬರುವುದು ಬೇಡ.

ಆ ಭಾನುವಾರ ಕೆ.ಆರ್. ಪುರದ ಕೆರೆಯಲ್ಲಿದ್ದ ಹೆಜ್ಜಾರ್ಲೆ ಹಕ್ಕಿಗಳೆಲ್ಲ ಬೂದು ಬಣ್ಣದವು, ಕೊಕ್ಕಿನ ಮೇಲೆ ಚುಕ್ಕೆಯಿದ್ದವು. ದಡದ ಹತ್ತಿರವಿದ್ದ ಒಂದು ಮಾತ್ರ ಅಚ್ಚ ಬಿಳಿ. ಕೊಕ್ಕಿನಲ್ಲಿ ಚುಕ್ಕೆಯಿಲ್ಲ, ಕೆಳಗಿನ ಚೀಲ ಹಳದಿ. "ಬಿಳಿ ಹೆಜ್ಜಾರ್ಲೆ ಕಣೇ! ಇದು ನಮ್ಮಿಬ್ರುದೇ" ಎಂದು ನನ್ನ ಕೈ ಹಿಡಿದು ಕುಣಿದವನು ನೀನು.

ಅಪರೂಪದ ಹಕ್ಕಿಯನ್ನು ಪಟ್ಟಿಗೆ ಸೇರಿಸಲು ಎರಡನೆಯವರ ಸಾಕ್ಷಿ ಬೇಕೆಂಬುದು ನಮ್ಮ ಪಕ್ಷಿವೀಕ್ಷಕರ ಬಳಗದ ನಿಯಮ. ನಿನ್ನೆ ಸಭೆಯಲ್ಲಿ, ಪಟ್ಟಿ ಬರೆಯುವ ವೆಂಕಟಸುಬ್ಬಯ್ಯನವರು ನಿನ್ನನ್ನು ಕೇಳಿದಾಗ, "ನಾನವತ್ತು ಕೆರೆಗೇ ಹೋಗಿರ್ಲಿಲ್ಲ ಸಾರ್, ಮನೇಲಿದ್ದೆ" ಎಂದೆ ನೀನು. ಆಮೇಲೆ ನಿನ್ನ ಪಕ್ಕದಲ್ಲಿದ್ದವಳನ್ನು, ನೀನು ಮದುವೆಯಾಗಲಿರುವ ಹುಡುಗಿಯೆಂದು ಎಲ್ಲರಿಗೂ ಪರಿಚಯಿಸಿದೆ. ನನಗೂ. ವೆಂಕಟಸುಬ್ಬಯ್ಯನವರು ನನ್ನ ಹಕ್ಕಿಯನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಇವತ್ತು ಬೆಳಿಗ್ಗೆ ಅಂದಿನ ಫೋಟೋ ಹುಡುಕಿದೆ. ಹಕ್ಕಿ ಸ್ಪಷ್ಟವಾಗಿದೆ, ಒಂದು ಚುಕ್ಕೆಯೂ ಇಲ್ಲ. ಫೋಟೋದ ಅಂಚಿನಲ್ಲಿ, ಚಳಿಗೆ ನನ್ನ ಶಾಲು ಹೊದ್ದು ನಗುತ್ತಿರುವ ನೀನೂ ಅಷ್ಟೇ ಸ್ಪಷ್ಟವಾಗಿದ್ದೀಯ.

ಅಂಚು ಕತ್ತರಿಸದೆ ಬಳಗದ ಗ್ರೂಪಿಗೆ ಕಳಿಸಿದ್ದೇನೆ.

ಶಾಲನ್ನೂ ಕೊಟ್ಟು ಹೋಗು.

ಚಿನ್ಮಯಿ