ಬೀಗ ಬಿದ್ದ ಮಧ್ಯಾಹ್ನ

ಗುಬ್ಬಿ
ದಸರಾ ರಜೆಯ ಕೊನೆಯ ಭಾನುವಾರ

ನನ್ನ ಅಮ್ಮನಿಗೆ,

ನಿನ್ನ ದೀಪಿಕಾಳ ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡ. ನನ್ನ ಫೋನ್ ಹಾಳಾಗಿದೆ ಎಂದು ಇವರು ನಿನಗೆ ಹೇಳಿದ್ದಾರಂತೆ. ಹಾಳಾಗಿಲ್ಲ ಅಮ್ಮ, ಇವರ ಜೇಬಿನಲ್ಲಿದೆ. ಯುಗಾದಿಗೆ ನಾನು ಬ್ಯಾಗ್ ಹಿಡಿದು ಕುಣಿಗಲ್ಲಿಗೆ ಬಂದು ಹೋದ ಮೇಲಿಂದ ಹೀಗೆಯೇ. ಹಾಲು ತರಲೂ ಅತ್ತೆಯ ಜೊತೆಯಲ್ಲೇ ಹೋಗಬೇಕು.

ರಜೆಗೆ ಎಲ್ಲಾದರೂ ಕರೆದುಕೊಂಡು ಹೋಗಿ ಎಂದು ಕೇಳಿದ್ದೆ. ಮೊನ್ನೆ ಇವರಿಗೆ ತುಮಕೂರಿನಲ್ಲಿ ಸ್ನೇಹಿತನ ಮನೆಯ ಊಟವಿತ್ತು. ಶೆಟ್ಟಿಹಳ್ಳಿ ಕಡೆ ಯಾವುದೋ ಟ್ರಸ್ಟಿನವರು ನಡೆಸುವ ಪುಟ್ಟ ಪುರಾತತ್ವ ಸಂಗ್ರಹಾಲಯದ ಮುಂದೆ ನನ್ನನ್ನೂ ಅತ್ತೆಯನ್ನೂ ಇಳಿಸಿದರು. "ಹಿಸ್ಟರಿ ಓದಿದೀಯಲ್ಲ, ಕಲ್ಲು ನೋಡ್ಕೊಂಡಿರು. ಅಮ್ಮ, ಇವಳ್ನ ಬಿಟ್ಟು ಅಲ್ಲಾಡಬೇಡ" ಎಂದು ಹೇಳಿ ಹೊರಟೇಹೋದರು.

ವೀರಗಲ್ಲು, ಮೂಗು ಮುರಿದ ಜಿನಮೂರ್ತಿ, ಮಡಕೆಯ ಚೂರುಗಳು. ಹಿಂದಿನ ಕೋಣೆಯಲ್ಲೊಂದು ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಣ್ಣಿಗೆ ನಿಲ್ಲಿಸುವ ಕಲ್ಲು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ನಾನು ನೆಲದ ಮೇಲೆ ಕೂತು ಸವೆದ ಅಕ್ಷರಗಳನ್ನು ಓದಿ ಹೇಳಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ನನಗೆ ಗೊತ್ತಿರುವುದನ್ನು ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದರು. ಅಷ್ಟರಲ್ಲಿ ಕಾವಲುಗಾರ, ಒಳಗೆ ಯಾರೂ ಇಲ್ಲವೆಂದುಕೊಂಡು, ಬೀಗ ಜಡಿದು ಊಟಕ್ಕೆ ಹೋಗಿಬಿಟ್ಟ.

ಬಾಗಿಲು ಬಡಿದೆವು, ಕೂಗಿದೆವು. ಯಾರೂ ಬರಲಿಲ್ಲ. ಅತ್ತೆ ಫೋನ್ ಇಟ್ಟುಕೊಂಡವರಲ್ಲ, ಬೆವೆತುಹೋದರು. ನನಗೆ ಮಾತ್ರ, ಸುಳ್ಳು ಹೇಳುವುದಿಲ್ಲ ಅಮ್ಮ, ಹಾಯೆನಿಸಿತು. ಬೀಗ ತೆಗೆಯುವವರೆಗೆ ನನ್ನನ್ನು ಯಾರೂ ಕೂಗಿ ಕರೆಯಲಾರರು.

"ಏನೇ, ನಗ್ತಾ ಇದೀಯಾ?" ಅಂದರು ಅತ್ತೆ.

ಉತ್ತರ ಹೇಳಹೋಗಿ ಅತ್ತುಬಿಟ್ಟೆ. ಚೂಡಿದಾರದ ತೋಳು ಸರಿಸಿ ಕಂದಿದ ಜಾಗ ತೋರಿಸಿದೆ.

"ಗೊತ್ತು ಕಣೇ. ಗೋಡೆ ಆಚೆಗೇ ಮಲಗೋಳು ನಾನು" ಅಂದರು. ಆಮೇಲೆ ಕಲ್ಲಿಗೊರಗಿ ಕೂತು ಹೇಳಿದರು: "ನಿನ್ ಗಂಡನ ಅಪ್ಪನೂ ಹಿಂಗೇ ಇದ್ದ. ಚನ್ನೇಶನ್ನ ಕಂಕುಳಲ್ಲಿ ಎತ್ಕೊಂಡು ಮಾರ್ಕೋನಹಳ್ಳಿಗೆ ಹೋಗಿದ್ದೆ, ನಮ್ಮವ್ವನ ಮನೆಗೆ. ಅವ್ವ ಹೊಟ್ಟೆ ತುಂಬ ಉಣ್ಣಕ್ಕಿಕ್ಕಿ, ತಲೆ ತುಂಬ ಹೂ ಮುಡಿಸಿ, ವಾಪಸ್ ಬಸ್ ಹತ್ತಿಸಿದ್ಲು. ಆಮೇಲೆ ಎಲ್ಲಿಗ್ ಹೋಗ್ಲಿ ಹೇಳು?"

ನನಗೆ ನೀನು ನೆನಪಾದೆ. ಯುಗಾದಿಗೆ ನೀನೂ ಒಬ್ಬಟ್ಟು ಬಡಿಸಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಮಗಳೇ" ಎಂದು ಬಸ್ ಸ್ಟಾಂಡಿನವರೆಗೂ ಬಂದಿದ್ದೆಯಲ್ಲ.

ಬಾಗಿಲು ತೆರೆದಾಗ ಕಾವಲುಗಾರನ ಹಿಂದೆಯೇ ಇವರು ನಿಂತಿದ್ದರು. ಆತ, ಪಾಪ, ತಪ್ಪಾಯಿತೆಂದು ಕೈಮುಗಿಯುತ್ತಲೇ ಇದ್ದ. ಇವರಿಗೆ ಅದೆಲ್ಲ ಕೇಳಿಸಲಿಲ್ಲ. "ಒಳಗೆ ಇನ್ಯಾರಿದ್ರೇ?" ಎಂದು ನನ್ನ ಮೇಲೆ ಕೈ ಎತ್ತಿದರು. ಅತ್ತೆ ನಡುವೆ ಬಂದು ನಿಂತರು.

"ಹೊಡಿಯೋ. ಮೊದ್ಲು ನನ್ನ ಹೊಡಿ. ನೋಡೋರು ನೋಡ್ಲಿ."

ಎತ್ತಿದ ಕೈ ಇಳಿಯಿತು. ಆ ದಿನ ಇವರು ನನ್ನನ್ನು ಮುಟ್ಟಲಿಲ್ಲ, ನಿಜ. ಆದರೆ ಮಾರನೆಯ ದಿನ ಮನೆಯ ಗೇಟಿಗೆ ಹೊಸ ಬೀಗ ಬಂತು. ಒಂದು ಕೀಲಿ ಇವರ ಹತ್ತಿರ, ಇನ್ನೊಂದು ಅತ್ತೆಯ ಸೆರಗಿನ ಗಂಟಿನಲ್ಲಿ.

ರಜೆ ಮುಗಿದು ಇವರು ವಸಂತನರಸಾಪುರದ ಫ್ಯಾಕ್ಟರಿಗೆ ಹೋಗತೊಡಗಿದ ಮೇಲೆ ಒಂದು ದಿನ ಬರುತ್ತೇನೆ. ಈ ಸಲ ಊಟ ಹಾಕದಿದ್ದರೂ ಪರವಾಗಿಲ್ಲ ಅಮ್ಮ, ನನ್ನನ್ನು ವಾಪಸ್ ಕಳಿಸಬೇಡ.

ನಿನ್ನನ್ನೇ ನಂಬಿರುವ
ದೀಪಿಕಾ

ಇನ್ನೊಂದು ಮಾತು: ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವವರು ಅತ್ತೆಯೇ. "ನೀನು ಹೋದ್ಮೇಲೆ ಆ ಮನೇಲಿ ನಾನೊಬ್ಳೇ ಹೆಂಗಿರ್ಲಿ? ನಮ್ ಬೀಗಿತ್ತಿ ನನ್ನೂ ಒಳಕ್ಕೆ ಬಿಟ್ಕೊತಾರಾ ಕೇಳು" ಎಂದಿದ್ದಾರೆ. ಉತ್ತರ ಬರೆಯಬೇಡ, ಇವರ ಕೈಗೆ ಸಿಕ್ಕೀತು. ಇಬ್ಬರೂ ಬರುತ್ತಿದ್ದೇವೆ.