ಎಡಬದಿಯ ಸೀಟು

ತಾಂಬರಂ
೨೪-೫-೧೯೬೧

ಹೆಸರು ಹಿಡಿದು ಕರೆಯಲಾರದ ನಮ್ಮ ಮನೆಯವರಿಗೆ,

ತುಂಗೆಯ ನಮಸ್ಕಾರಗಳು. ಅಣ್ಣನ ಮನೆಯಲ್ಲಿ ನಾನು ಕ್ಷೇಮ. ಅಲ್ಲಿ ನೀವೂ, ತಿರುವಲ್ಲಿಕೇಣಿಯ ನಮ್ಮ ಹೋಟೆಲೂ, ನಿಮ್ಮ ಪುಟ್ಟ ಫಿಯೆಟ್ಟೂ ಕ್ಷೇಮವೆಂದು ನಂಬಿದ್ದೇನೆ. ಗಾಡಿಯನ್ನು ಕೊನೆಗೆ ವಿಚಾರಿಸಿದ್ದಕ್ಕೆ ಸಿಟ್ಟಾಗಬೇಡಿ.

ರೇಸಿನ ಸುದ್ದಿಯೇ ಬೇಡವೆಂದು ಹೊರಟು ಬಂದವಳು ನಾನು. ಆದರೂ ಸದಾನಂದಣ್ಣ ರೈಲ್ವೆ ಆಫೀಸಿಗೆ ಹೋದ ಮೇಲೆ ಪತ್ರಿಕೆಯ ಆಟೋಟದ ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಯುರೋಪಿನ ದೊಡ್ಡ ರೇಸುಗಳಲ್ಲೂ ಈ ವರ್ಷ ನಿಯಮ ಬದಲಾಯಿತಂತಲ್ಲ. ಎಂಜಿನ್ನು ಚಿಕ್ಕದಾಗಬೇಕು, ಗಾಡಿಯ ತೂಕ ಮಾತ್ರ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಇರಬಾರದು. ಮೊದಲೇ ತಯಾರಾಗಿದ್ದ ಕೆಂಪು ಗಾಡಿಗಳ ತಂಡವನ್ನು ಹಿಡಿಯುವವರಿಲ್ಲ ಎಂದು ಎಲ್ಲರೂ ಬರೆದಿದ್ದರು. ಮೊದಲ ರೇಸಿನಲ್ಲೇ, ಸಮುದ್ರದಂಡೆಯ ಯಾವುದೋ ಊರಿನ ಬೀದಿಗಳಲ್ಲಿ, ಶಕ್ತಿ ಸಾಲದ ಪುಟ್ಟ ಗಾಡಿಯೊಂದು ಅವರನ್ನು ಹಿಂದೆ ಹಾಕಿತು. ಓದಿ ಒಬ್ಬಳೇ ನಕ್ಕೆ. ಈ ವಾರವಾದರೋ ಕೆಂಪು ಗಾಡಿಗಳೇ ಮೊದಲೆರಡು. ಸೀಸನ್ ಈಗಷ್ಟೇ ಶುರುವಾಗಿದೆ, ಯಾರ ಕೈ ಮೇಲಾಗುವುದೋ ಹೇಳುವಂತಿಲ್ಲ.

ಅದೇ ಗಾಳಿ ನಿಮ್ಮ ಶೋಳವರಂ ಕ್ಲಬ್ಬಿಗೂ ಬೀಸಿದ ಸಂಗತಿ ಹೋಟೆಲಿನ ಐತನಿಂದ ತಿಳಿಯಿತು. ಭಾನುವಾರದ ರೇಸಿನ ಹಿಂದಿನ ದಿನ ಇಲ್ಲಿಗೆ ಬಂದಿದ್ದ. ಗಾಡಿಯನ್ನು ಕಿತ್ತು ಕಿತ್ತು ಹಗುರ ಮಾಡುವ ಕಾಲ ಮುಗಿಯಿತಂತೆ. ಎಡಬದಿಯ ಸೀಟು ಇರಲೇಬೇಕು, ಅದರಲ್ಲಿ ಒಬ್ಬರು ಕೂರಬೇಕು, ಇಲ್ಲವೇ ಅಷ್ಟೇ ಭಾರ ಕಟ್ಟಬೇಕು. ಏಪ್ರಿಲ್ಲಿನ ಮೊದಲ ರೇಸಿನಲ್ಲಿ ನಿಮ್ಮ ಮರಳಿನ ಮೂಟೆ ಒಡೆದು ನೀವು ಕಟ್ಟಕಡೆಗೆ ಬಂದದ್ದು, ಹೋದ ವರ್ಷ ಮೆರೆದ ಚಹಾ ತೋಟದವರು ನಡುವೆಲ್ಲೋ ಉಳಿದದ್ದು, ಯಾರೂ ಲೆಕ್ಕಕ್ಕಿಡದ ಕೊಯಮತ್ತೂರಿನ ತಂಡ ಗೆದ್ದದ್ದು, ಎಲ್ಲವನ್ನೂ ಹೇಳಿದ. ಎರಡನೆಯ ರೇಸಿಗೆ ಏನು ಕಟ್ಟುತ್ತೀರಿ ಎಂದು ಕೇಳಿದೆ.

"ಎಂತ ಮಾಡುದು ಅಮ್ಮ, ನಾನು ಕೂತ್ರೆ ವಾಂತಿ ಬರ್ತದೆ. ನಿಮ್ಮ ರುಬ್ಬುವ ಕಲ್ಲನ್ನೇ ಸೀಟಲ್ಲಿ ಕೂರಿಸಿ ಹಗ್ಗ ಬಿಗಿದಿದ್ದೇವೆ. ಗುಂಡು ಅದ್ರ ಗುಳಿಯಲ್ಲೇ ಉಂಟು. ಅದು ಎಲ್ಲಿಗೆ ಹೋಗ್ತದೆ?" ಎಂದ.

ಮೈಯೆಲ್ಲ ಉರಿಯಿತು. ಅಮ್ಮ ಬಾರ್ಕೂರಿನಿಂದ ಲಾರಿಯಲ್ಲಿ ಕಳಿಸಿದ ಕಲ್ಲು ಅದು. ನಾನು ಕೂರುತ್ತಿದ್ದ ಸೀಟು ಅದು. ದೀಪಾವಳಿ ಕಳೆದ ಮೇಲೆ ಆ ಸೀಟನ್ನು ಬಿಚ್ಚಿ ಅಂಗಳಕ್ಕಿಟ್ಟು, "ನೀನು ಕೂತ್ರೆ ಗಾಡಿ ಏಳುದಿಲ್ಲ ಮಾರಾಯ್ತಿ, ಮನೇಲಿರು" ಎಂದಿರಿ. ನಿಮಗೆ ಅದು ಗಾಡಿಯ ಮಾತು, ನನಗೆ ಹಾಗಿರಲಿಲ್ಲ. ಭಾನುವಾರ ಬೆಳಗಿನ ಗಿರಾಕಿಗಳು ಕರಗಿದ ಮೇಲೆ ಶೋಳವರಂಗೆ ಹೋಗುತ್ತಿದ್ದೆವಲ್ಲ, ನಾನು ಮಡಿಲಲ್ಲಿ ತಿಂಡಿಯ ಡಬ್ಬಿ ಇಟ್ಟುಕೊಂಡಿರುತ್ತಿದ್ದೆ. ವಿಮಾನಗಳು ಬಿಟ್ಟುಹೋದ ಆ ಹಳೇ ರನ್‌ವೇಯ ಕೊನೆಯ ಒಂಟಿ ತಾಳೆಮರ ನನ್ನ ಕಿಟಕಿಗೆ ಬಂದೊಡನೆ "ಈಗ" ಎನ್ನುತ್ತಿದ್ದೆ, ನೀವು ಬ್ರೇಕ್ ಒತ್ತುತ್ತಿದ್ದಿರಿ. ಹೋಟೆಲಿನಲ್ಲಿ ನೀವು ಗಿರಾಕಿಗಳ ಪಾಲು, ಮನೆಯಲ್ಲಿ ನಿದ್ದೆಯ ಪಾಲು. ಆ ಸೀಟಿನಲ್ಲಿ ಕೂತಾಗ ಮಾತ್ರ ನನಗೆ ಗಂಡನಿದ್ದ. ಅದನ್ನೇ ಕಿತ್ತ ಮೇಲೆ ಅಲ್ಲಿ ನನಗೇನು ಕೆಲಸ ಎಂದು ರೈಲು ಹತ್ತಿದೆ.

ಇರಲಿ. ಮೊನ್ನೆ ಭಾನುವಾರ ಮಧ್ಯಾಹ್ನ ನನಗೊಂದು ಕನಸು ಬಿತ್ತು. ಹೇಳದಿದ್ದರೆ ಸಮಾಧಾನವಿಲ್ಲ.

ಶೋಳವರಂನ ಬಿಸಿಲು. ರನ್‌ವೇಯ ಆಚೆ ತುದಿಯೆಲ್ಲ ನೀರು ನಿಂತ ಹಾಗೆ ಕಾಣುತ್ತಿತ್ತು. ಗಾಡಿಗಳು ಆ ನೀರಿನೊಳಗಿಂದ ಚಕ್ರವೇ ಇಲ್ಲದೆ ತೇಲಿ ತೇಲಿ ಬರುತ್ತಿದ್ದವು, ಎಷ್ಟೋ ಹೊತ್ತಿನ ಮೇಲೆ ಸದ್ದು ಬರುತ್ತಿತ್ತು. ನಾನು ಕೊಡೆ ಹಿಡಿದು ತಾಳೆಮರದ ಹತ್ತಿರ ನಿಂತಿದ್ದೆ. ಧ್ವನಿವರ್ಧಕ "ವಿಷ್ಣುಮೂರ್ತಿ" ಎಂದು ಕೂಗಿತು. ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರು ಅಷ್ಟು ಜನರ ಮೇಲೆ ಹರಿದುಹೋಯಿತು. ನಾಚಿಕೆಯಾಗಿ ಕೊಡೆ ತಗ್ಗಿಸಿದೆ.

ಕೊನೆಯ ಸುತ್ತು. ಕೊಯಮತ್ತೂರಿನವರ ಎರಡು ಗಾಡಿಗಳ ಹಿಂದೆ ಮೂರನೆಯವರು ನೀವು. ತಾಳೆಮರ ಬಂತು, ನಿಮ್ಮ ಪಕ್ಕದಲ್ಲಿದ್ದ ಕಲ್ಲು ಬಾಯಿ ಬಿಡಲಿಲ್ಲ. ನಾನೇ "ಈಗ!" ಎಂದು ಕೂಗಿದೆ. ಕಡಲೆಕಾಯಿ ಮಾರುವವಳು ತಿರುಗಿ ನೋಡಿದಳು. ನೀವು ತಡವಾಗಿ ಬ್ರೇಕ್ ಒತ್ತಿದಿರಿ, ಗಾಡಿ ಅಡ್ಡಕ್ಕೆ ಜಾರಿತು, ಎಡಬಾಗಿಲು ತೆರೆದುಕೊಂಡಿತು, ನನ್ನ ರುಬ್ಬುಗುಂಡು ಗುಳಿಯಿಂದ ಹಾರಿ ಟಾರಿನ ಮೇಲೆ ಪುಟಿದು ಹುಲ್ಲಿಗೆ ಉರುಳಿತು. ನೀವು ಹೇಗೋ ಸಾವರಿಸಿಕೊಂಡು ಮೂರನೆಯವರಾಗಿಯೇ ಗೆರೆ ದಾಟಿದಿರಿ. ಆಮೇಲೆ ಗಾಡಿಯನ್ನು ತೂಗಿದರು. ಒಂದು ಗುಂಡಿನಷ್ಟು ತೂಕ ಕಡಿಮೆ. ನಿಮ್ಮ ಹೆಸರು ಹೊಡೆದುಹಾಕಿದರು. ಎಲ್ಲರೂ ಹೋದ ಮೇಲೂ ನೀವು ತಲೆಗೆ ಟವೆಲು ಹಾಕಿಕೊಂಡು, ಕಲ್ಲಿನ ಖಾಲಿ ಗುಳಿಯಲ್ಲಿ ಕೈಯಿಟ್ಟು ಕೂತೇ ಇದ್ದಿರಿ. ಹತ್ತಿರ ಬರಬೇಕೆಂದುಕೊಂಡೆ. ಕನಸಲ್ಲವೇ, ಕಾಲು ಏಳಲಿಲ್ಲ.

ಪತ್ರಿಕೆಯಲ್ಲಿ ನಿಮ್ಮ ಹೆಸರಿನ ಮುಂದೆ "ತೂಕ ಕಡಿಮೆ, ಅನರ್ಹ" ಎಂದಷ್ಟೇ ಇತ್ತು. ಯಾಕೆ ಕಡಿಮೆಯಾಯಿತೆಂದು ಅವರಿಗೇನು ಗೊತ್ತು!

ನಿನ್ನೆ ಅಣ್ಣನ ಮಗಳು ಊರ್ಮಿಳೆಯನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಅವಳಿಗೆ ಅಲ್ಲಿನ ತೂಕದ ಯಂತ್ರವೆಂದರೆ ಪ್ರಾಣ. ಅವಳು ಇಳಿದ ಮೇಲೆ ನಾನೂ ಹತ್ತಿದೆ. "ಅತ್ತೆ, ಉಂಗಳುಕ್ಕು ಎದುಕ್ಕು?" ನಿಮಗೆ ಯಾಕೆ, ಎಂದು ತಮಿಳಿನಲ್ಲಿ ಕೇಳಿ ನಕ್ಕಿತು ಮಗು. ಯಾಕೆಂದು ಅವಳಿಗೂ ಹೇಳಲಿಲ್ಲ, ನಿಮಗೂ ಈಗ ಹೇಳುವುದಿಲ್ಲ.

ಬಿಸಿಲು ಜೋರಾಗಿದೆ, ಮಜ್ಜಿಗೆ ಹೆಚ್ಚು ಕುಡಿಯಿರಿ. ಊಟ ತಪ್ಪಿಸಬೇಡಿ.

ಇನ್ನೂ ನಿಮ್ಮವಳೇ,
ತುಂಗಾ

ತಾ.ಕ.: ಶೋಳವರಂನ ಹುಲ್ಲಿನಲ್ಲಿ ಗುಂಡು ಹುಡುಕಿಸಬೇಡಿ. ಅದು ಇಲ್ಲೇ, ನನ್ನ ಹಾಸಿಗೆಯ ಪಕ್ಕದಲ್ಲಿದೆ. ಬಸ್ಸಿನಲ್ಲೂ ಕರೆಂಟು ರೈಲಿನಲ್ಲೂ ಕೈಚೀಲದಲ್ಲಿ ಹೊತ್ತು ತಂದ ಭುಜ ಇನ್ನೂ ನೋಯುತ್ತಿದೆ. ನಿಮ್ಮ ನಿಯಮದ ಭಾರಕ್ಕೆ ನನ್ನ ತೂಕ ತುಸು ಸಾಲದು. ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡರೆ ಸರಿಹೋಗುತ್ತದೆ. ಕಲ್ಲನ್ನು ಅಡುಗೆಮನೆಗೆ ಇಳಿಸಿ, ಸೀಟು ಖಾಲಿ ಮಾಡಿಕೊಂಡು ಬನ್ನಿ.