ಎಲೇನಿಯ ಅಂಗಳದ ಬಾಳೆಗಿಡ

ಮಾರ್ಚ್ 9, 2024, ಶನಿವಾರ — ಗೈದರ್ಸ್‌ಬರ್ಗ್, ಅಮೆರಿಕ

ಎರಡನೇ ಕಾಫಿ. ಚಿರಾಗ್ ಲಾಂಡ್ರಿ ಮಡಚುತ್ತಿದ್ದಾನೆ. ನನ್ನ ಸಾಕ್ಸ್‌ಗಳನ್ನೂ ಜೋಡಿಸುವ ಗಂಡ! ಮದುವೆಯಾಗಿ ಎರಡು ತಿಂಗಳಾದರೂ 'ಗಂಡ' ಎಂದು ಬರೆದಾಗಲೆಲ್ಲ ನಗು ಬರುತ್ತದೆ.

ಹನಿಮೂನ್‌ಗೆ ಮನೆ ಸಿಕ್ಕೇ ಬಿಟ್ಟಿತು! ಗ್ರೀಸ್‌ನ ಪುಟಾಣಿ ದ್ವೀಪ. ಏರ್‌ಪೋರ್ಟ್ ಇಲ್ಲ, ಫೆರ್ರಿಯಲ್ಲೇ ಹೋಗಬೇಕು. ಬಿಳಿ ಗೋಡೆ, ನೀಲಿ ಬಾಗಿಲು, ಕಲ್ಲು ಹಾಸಿದ ಖಾಲಿ ಅಂಗಳ, ಅದರಾಚೆ ಸಮುದ್ರ.

"ಅಲ್ಲಿ ಹೋಗಿ ಏನ್ ಮಾಡೋದು?"

"ಏನೂ ಮಾಡಲ್ಲ. ಅದೇ ಪಾಯಿಂಟು!"

"ಊಟಕ್ಕೆ?"

"ಮೊಸರಿಗೇನು ಬರಾನಾ ಅಲ್ಲಿ? ಪುಳಿಯೋಗರೆ ಗೊಜ್ಜು ನಾನು ತರ್ತೀನಿ."

"ಹಾಗಾದ್ರೆ ಬುಕ್ ಮಾಡಮ್ಮ ತಾಯಿ."

ಮಾಡಿದೆ! ಜೂನ್‌ನಲ್ಲಿ. ಆಗಲೇ ಅಮ್ಮನಿಗೆ, ದೊಡ್ಡಮ್ಮನಿಗೆ ಫೋಟೋ ಕಳಿಸಿಯೂ ಆಯಿತು.

ಮಾರ್ಚ್ 14, ಗುರುವಾರ

ಮನೆಯೊಡತಿ ಎಲೇನಿಯ ಮೆಸೇಜ್. ಆ್ಯಪ್ ಇಂಗ್ಲಿಷ್‌ಗೆ ತಿರುಗಿಸಿ ಕೊಡುತ್ತದೆ. "ಮೂವರಿಗೂ ಹಾಸಿಗೆ ಸಿದ್ಧವಾಗಿರುತ್ತದೆ. ಅವರಿಗೆ ಕಿಟಕಿಯ ಪಕ್ಕ." ಯಾವ ಅವರು? ನಾವು ಇಬ್ಬರೇ ಎಂದು ಬರೆದೆ. ಉತ್ತರವಾಗಿ ಅಂಗಳದ ಹೊಸ ಫೋಟೋ ಬಂತು. ಮೂಲೆಯಲ್ಲಿ ಬಾಳೆಗಿಡ! ಗ್ರೀಸ್‌ನಲ್ಲಿ! ಮೊದಲು ನೋಡಿದಾಗ ಇರಲಿಲ್ಲವಲ್ಲ...

ಜೋರಾಗಿ ನಕ್ಕುಬಿಟ್ಟೆ. ಅದು ನನ್ನ ಮೊದಲ ಗಂಡ! ಚಿರಾಗ್‌ಗೆ ಈ ವಿಷಯ ಗೊತ್ತಿಲ್ಲ. ನನ್ನ ಜಾತಕದಲ್ಲಿ ಕುಜದೋಷ — ಕಟ್ಟಿಕೊಂಡವನ ಪ್ರಾಣಕ್ಕೇ ಕುತ್ತಂತೆ. ಅದಕ್ಕೇ ಮದುವೆಗೆ ಮುಂಚೆ, ಮೈಸೂರಿನಲ್ಲಿ ವರಲಕ್ಷ್ಮಿ ದೊಡ್ಡಮ್ಮನ ಹಿತ್ತಲಲ್ಲಿ, ಗುಟ್ಟಾಗಿ ಬಾಳೆಗಿಡದ ಜೊತೆ ನನಗೊಂದು ಮದುವೆ. ಗಿಡಕ್ಕೂ ನನಗೂ ಒಂದೇ ಅರಿಶಿನದ ದಾರ. ಆಮೇಲೆ ಗಿಡ ಕಡಿದುಬಿಟ್ಟರೆ ಕುತ್ತು ಅದರ ಜೊತೆಗೇ ಹೋಯಿತು, ನಿಜವಾದ ಗಂಡ ಸೇಫ್. ಕಡಿಯುವುದನ್ನು ನೋಡಲಿಲ್ಲ. ಮೆಹೆಂದಿಯವಳು ಕಾಯುತ್ತಿದ್ದಳು ಎಂದು ಓಡಿದ್ದೆ.

ಮಾರ್ಚ್ 31, ಭಾನುವಾರ

ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ವಾಪಸ್ ಬರುವಾಗ ಹೈವೇಯಲ್ಲಿ ಟ್ರಕ್ಕೊಂದು ತನ್ನ ಲೇನ್ ಬಿಟ್ಟು ನಮ್ಮ ಮೇಲೇ ಬಂತು. ಚಿರಾಗ್ ಕಡೆಯ ಬಾಗಿಲು ಒಳಕ್ಕೆ ಮಡಚಿಕೊಂಡಿದೆ. ಅವನ ಮೊಣಕೈಗೆ ಮಾತ್ರ ಪೆಟ್ಟು. ನನಗೆ ಒಂದು ಗೀರೂ ಇಲ್ಲ.

ಸಂಜೆ ಎಲೇನಿಯಿಂದ ಇನ್ನೊಂದು ಫೋಟೋ. ಗಿಡ ಬಾಗಿಲಿಗೆ ಹತ್ತಿರ ಬಂದಿದೆ. ಕಾಂಡದ ಸುತ್ತ ಹಳದಿ ದಾರ.

ಚಿರಾಗ್‌ಗೆ ತೋರಿಸಲಿಲ್ಲ.

ಏಪ್ರಿಲ್ 1, ಸೋಮವಾರ

ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ದೊಡ್ಡಮ್ಮಾ, ಆ ಗಿಡ ಕಡಿಸಿದ್ರಿ ತಾನೆ?"

"ಅಯ್ಯೋ, ಗೊನೆ ಹಾಕ್ತಿತ್ತು ಕಣೇ ನೀರಜಾ. ಏಲಕ್ಕಿ ಬಾಳೆ! ಯಾರಿಗಾದ್ರೂ ಮನಸ್ಸು ಬರತ್ತಾ? ಶಾಸ್ತ್ರಕ್ಕೆ ಅಂತ ಅರ್ಧ ಎಲೆ ಕೊಯ್ದೆ. ಪುರೋಹಿತರು ಆಗ್ಲೇ ಹೊರಟುಬಿಟ್ಟಿದ್ರು, ಅವ್ರಿಗೇನ್ ಗೊತ್ತಾಗತ್ತೆ?"

"ಈಗ ಕಡಿಸಿ. ಪ್ಲೀಸ್. ಇವತ್ತೇ."

ದೊಡ್ಡಮ್ಮ ದನಿ ತಗ್ಗಿಸಿದರು.

"ಎಲ್ಲಿದೆ ಕಡಿಸೋಕೆ? ಯಾರೋ ಬುಡಸಮೇತ ಎತ್ಕೊಂಡು ಹೋಗಿದಾರೆ. ಆದ್ರೆ ಗುಂಡಿನೇ ಇಲ್ಲ ಕಣೇ. ನೆಲ ಸಾರಿಸಿದ ಹಾಗಿದೆ."

"ಯಾವಾಗ?"

"ಸಮುದ್ರದ ಮನೆ ಫೋಟೋ ಕಳ್ಸಿದ್ಯಲ್ಲ, ಅದರ ಮಾರನೇ ದಿನ."

ಏಪ್ರಿಲ್ 6, ಶನಿವಾರ

ಐದು ದಿನ ಹೇಳಲು ಬಾಯಿ ಬರಲಿಲ್ಲ. ಇವತ್ತು ಚಿರಾಗ್‌ಗೆ ಎಲ್ಲವನ್ನೂ ಹೇಳಿದೆ. ಫೋಟೋಗಳನ್ನೂ ತೋರಿಸಿದೆ. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂದ್ರೆ ನಾನು ಸೆಕೆಂಡ್ ಹಸ್ಬೆಂಡಾ? ಅವನು ನನಗಿಂತ ಎತ್ತರ ಇದ್ನಾ?"

"ಚಿರಾಗ್, ನಾವು ಹೋಗೋದ್ ಬೇಡ. ನಿಂಗೇನಾದ್ರೂ ಆದ್ರೆ..."

ನಗು ನಿಲ್ಲಿಸಿ ನನ್ನನ್ನೇ ನೋಡಿದ. "ಆಯ್ತು, ಬೇಡ. ಕ್ಯಾನ್ಸಲ್ ಮಾಡು. ಮೊಸರು ಇಲ್ಲೂ ಸಿಗತ್ತೆ."

ಎಷ್ಟು ಒಳ್ಳೆಯವನು. ಕ್ಯಾನ್ಸಲ್ ಮಾಡಿದೆ. ವಾರದ ಮೇಲೆ ಮೊದಲ ಸಲ ಉಸಿರು ಸಲೀಸಾಯಿತು. ಅವನ ಭುಜಕ್ಕೆ ಒರಗಿ ಮಧ್ಯಾಹ್ನವೆಲ್ಲ ನಿದ್ದೆ. ಇದೇ ನಮ್ಮ ದ್ವೀಪ.

ಏಪ್ರಿಲ್ 7, ಭಾನುವಾರ, ಬೆಳಗ್ಗೆ

ಬಿಸಿಲು ಚೆನ್ನಾಗಿದೆ. ಚಿರಾಗ್ ಕಾಫಿ ಹಿಡಿದು, ಗಾಜಿನ ಬಾಗಿಲು ಸರಿಸಿ ಹಿಂದಿನ ಪ್ಯಾಟಿಯೋಗೆ ಹೋದ. ನಾನಿಲ್ಲಿ ಎಲೇನಿಯ ಉತ್ತರ ಓದುತ್ತಿದ್ದೇನೆ.

"ನೀವು ಬರುವುದಿಲ್ಲವೆಂದು ನಿನ್ನೆ ಅವರಿಗೆ ಹೇಳಿದೆ. ಹಾಸಿಗೆಯಲ್ಲಿ ಅವರು ಒಂದು ದಿನವೂ ಮಲಗಿದವರಲ್ಲ, ಅಂಗಳದಲ್ಲೇ ನಿಂತಿರುತ್ತಿದ್ದರು. ಈಗ ಅಂಗಳ ಖಾಲಿ. ಹೆಂಡತಿಯ ಹತ್ತಿರ ಹೊರಟಿರಬೇಕು."

ಹೊರಗಿನಿಂದ ಚಿರಾಗ್ ಕೂಗುತ್ತಿದ್ದಾನೆ.

"ನೀರೂ, ನರ್ಸರಿಯಿಂದ ಏನಾದ್ರೂ ಆರ್ಡರ್ ಮಾಡಿದ್ಯಾ? ಎಷ್ಟು ದೊಡ್ಡದು ನೋಡು ಬಾ! ಅಯ್ಯೋ, ಯಾರೋ ಒಂದು ಎಲೆ ಅರ್ಧ ಕೊಯ್ದಿದಾರೆ."

ಮುಟ್ಟಬೇಡ ಎಂದು ಕಿರುಚಿದೆ. ಕಪ್ ಬಿದ್ದು ಒಡೆದ ಸದ್ದು. ಮತ್ತೆ ಕರೆದೆ. ಉತ್ತರವಿಲ್ಲ. ಕಾಲು ಏಳುತ್ತಿಲ್ಲ, ಬೆರಳು ಮಾತ್ರ ಓಡುತ್ತಿದೆ... ಬಾಗಿಲ ಗಾಜಿನ ಮೇಲೆ ಉದ್ದಕ್ಕೆ ಹಸಿರು ನೆರಳು. ಚಿರಾಗ್‌ನದಲ್ಲ. ಗಾಜು ಸರಿಯುತ್ತಿದೆ —